ಸೆರಗು ಹಿಡಿಯುವವಳು

ಎಂಬತ್ತಮೂರರ ಕೊಯ್ಲಿಗೆ ಬಾಳೂರಿನ ಆ ತೋಟಕ್ಕೆ ಹೊಸ ಪಲ್ಪರ್ ಬಂತು. ಅಲ್ಲಿಯವರೆಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಈಗ ಡೀಸೆಲ್ ಎಂಜಿನ್ನು, ಉದ್ದನೆಯ ಬೆಲ್ಟು. ಬಟ್ಟೆಬರೆ ಸಿಕ್ಕಿಕೊಳ್ಳದಂತೆ ಬೆಲ್ಟಿಗೆ ಅಡ್ಡ ಜಾಲರಿ ಹಾಕಿಸಿರಲಿಲ್ಲ.

ಯಂತ್ರದ ಬಾಯಿಗೆ ಹಣ್ಣು ಸುರಿಯುವವಳು ಯಲ್ಲಮ್ಮ. ನೀರು ಚಿಮ್ಮಿ ಮೈಯೆಲ್ಲ ಒದ್ದೆ. ಎಷ್ಟು ಬಿಗಿದು ಸಿಕ್ಕಿಸಿದರೂ ಬಗ್ಗಿ ಏಳುವಾಗ ಸೆರಗು ಜಾರಿ ಬೆಲ್ಟಿನ ಕಡೆಗೆ ಹಾರುತ್ತಿತ್ತು. ಅದಕ್ಕೇ ಜೊತೆಯ ಕೂಲಿ ಜವರಮ್ಮ ಹಿಂದೆ ನಿಂತು ಆ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಹೆಂಗಸರೇ ಮಾಡಿಕೊಂಡ ಪದ್ಧತಿ.

ಕೂಲಿಯವರು ಹೊಸ ಯಂತ್ರಕ್ಕೆ ಹೇಗೆ ಒಗ್ಗಿಕೊಳ್ಳುತ್ತಾರೆಂದು ಸಂಶೋಧನೆ ಮಾಡಲು ಒಬ್ಬ ಪ್ರೊಫೆಸರರು ಬಂದರು. ಒಳ್ಳೆಯ ಮನುಷ್ಯ. ನಡುಗುತ್ತಿದ್ದ ಯಲ್ಲಮ್ಮನಿಗೆ ತಮ್ಮ ಫ್ಲಾಸ್ಕಿನ ಕಾಫಿಯನ್ನೇ ಬಗ್ಗಿಸಿ ಕೊಟ್ಟರು.

"ಸೆರಗು ಯಾಕಮ್ಮ ಹಿಡ್ಕೊಂಡಿದ್ದೀರಿ?" ಎಂದು ಜವರಮ್ಮನನ್ನು ಕೇಳಿದರು.

ಪಕ್ಕದಲ್ಲೇ ಸಾಹುಕಾರ ಬಸವರಾಜಪ್ಪನವರು ನಿಂತಿದ್ದರು. ಅವರೆದುರು ಜಾಲರಿಯ ಮಾತೆತ್ತಲು ಅವಳಿಗೆ ಧೈರ್ಯ ಬರಲಿಲ್ಲ. ನಗೆಯಾಡಿದಳು.

"ಹೊಸ ಮದುಮಗಳು ಸ್ವಾಮಿ. ಬಿಟ್ರೆ ಮಿಷನ್ ಜೊತೆ ಓಡಿಹೋಗ್ತಾಳೆ!"

ಎಲ್ಲರೂ ನಕ್ಕರು. ಹೊರಡುವಾಗ ಪ್ರೊಫೆಸರರು ಸಾಹುಕಾರರಿಗೆ ಹೇಳಿದರು: "ಅದು ಕಲಿಯುವಾಗಿನ ಅಂಜಿಕೆ ಅಷ್ಟೆ. ಈಗ ಕೆಲಸ ಕೈಗೆ ಹತ್ತಿದೆ. ಇನ್ನು ಒಬ್ಬರೇ ಸಾಕು."

ಮರುದಿನವೇ ಜವರಮ್ಮನನ್ನು ಕೆಲಸದಿಂದ ಬಿಡಿಸಿದರು. "ತೋಟದ ಲೈನ್ ಮನೇನೂ ಖಾಲಿ ಮಾಡು" ಎಂದ ಲೆಕ್ಕ ಬರೆಯುವ ರೈಟರ್ ರುದ್ರಪ್ಪ.

ಯಲ್ಲಮ್ಮ ಒಬ್ಬಳೇ ನಿಂತಳು. ಮಧ್ಯಾಹ್ನ ಬೆಲ್ಟು ಸೆರಗನ್ನು ಕಚ್ಚಿಕೊಂಡಿತು. ಅದು ಕುತ್ತಿಗೆಗೆ ಬಿಗಿದು ಕಿರುಚಲೂ ಆಗಲಿಲ್ಲ. ಎಂಜಿನ್ ನೋಡಿಕೊಳ್ಳುವ ತಯ್ಯಬ್ ಓಡಿಬಂದು ಕೋಲಿನಿಂದ ಬೆಲ್ಟನ್ನು ಗಾಲಿಯಿಂದ ಹಾರಿಸಿ ಎಂಜಿನ್ ನಿಲ್ಲಿಸಿದ. ಅವಳ ಕುತ್ತಿಗೆಯ ಸುತ್ತ ಕೆಂಪಗೆ ಬಾಸುಂಡೆ ಎದ್ದಿತ್ತು. ಹರಿದ ಸೀರೆಯ ಕಡೆ ನೋಡದೆ, ಮುಖ ತಿರುಗಿಸಿಕೊಂಡೇ ಅವನು ತನ್ನ ಟವೆಲ್ ನೀಡಿದ.

"ನೋಡ್ಕೊಂಡು ಮಾಡ್ಬಾರ್ದಾ?" ಎಂದ ರುದ್ರಪ್ಪ. "ಶುರು ಮಾಡು ತಯ್ಯಬ್. ಇವತ್ತಿನ ಹಣ್ಣು ಇವತ್ತೇ ಮುಗೀಬೇಕು. ಇಟ್ರೆ ಹುಳಿ ಬರುತ್ತೆ."

"ಜಾಲರಿ ಹಾಕ್ಸಿ ರೈಟ್ರೇ. ಅಲ್ಲೀವರ್ಗೂ ಜವರಕ್ಕ ಬರ್ಲಿ."

"ನಿಂಗ್ಯಾಕೋ ಮಾರಾಯ? ನೀನೇನು ಸೀರೆ ಉಡ್ತೀಯಾ?"

"ಉಡಲ್ಲ. ಎಂಜಿನ್ ಶುರು ಮಾಡೋಕೆ ಹ್ಯಾಂಡಲ್ ತಿರ್ಗಿಸೋನು ನಾನೇ ಅಲ್ವಾ?"

ಅವನು ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಕೊಯ್ಲು ಮುಗಿಸಿ ಬಂದ ಹೆಂಗಸರು ಹಣ್ಣನ್ನು ರಾಶಿಗೆ ಸುರಿದರು, ಯಲ್ಲಮ್ಮನ ಕುತ್ತಿಗೆ ನೋಡಿದರು, ಮನೆಗೆ ಹೋಗದೆ ಅಲ್ಲೇ ಕುಳಿತರು. ಯಾರೋ ಹೋಗಿ ಜವರಮ್ಮನನ್ನೂ ಕರೆತಂದರು.

"ಆ ಮೇಷ್ಟ್ರನ್ನೂ ಕರ್ಸಿ" ಎಂದಳು ಯಲ್ಲಮ್ಮ. ದನಿ ಒಡೆದಿತ್ತು. "ನಮ್ಗೆ ಏನ್ ಬರುತ್ತೆ ಅಂತ ನೋಡ್ಕೊಂಡು ಹೋದ್ರು. ನಮ್ಗೆ ಏನಾಗುತ್ತೆ ಅಂತ್ಲೂ ನೋಡ್ಲಿ."

ರುದ್ರಪ್ಪ ಸಾಹುಕಾರರ ಬಂಗಲೆಗೆ ಆಳು ಕಳಿಸಿದ. ಹಣ್ಣಿನ ರಾಶಿ ಒಳಗೊಳಗೇ ಬಿಸಿಯಾಗುತ್ತಿತ್ತು. ಮೇಲೆ ನೊಣ ಮುತ್ತತೊಡಗಿದವು. ಕೆಳಗಿನ ತಿರುವಿನಲ್ಲಿ ಸಾಹುಕಾರರ ಜೀಪು ಏರು ಹತ್ತುವ ಸದ್ದು ಕೇಳಿತು.

ಹೆಂಗಸರು ಇನ್ನಷ್ಟು ಒತ್ತಿಕೊಂಡು ಕುಳಿತರು.