ಗಾಳಿ ಬೆರೆಸಿದ ನೀಲಿ

ತೋರಿಸಿದ ಬಣ್ಣವನ್ನು ಹಾಗೇ ಬಟ್ಟೆಗೆ ಇಳಿಸುವುದರಲ್ಲಿ ಬಣ್ಣದಮ್ಮನನ್ನು ಮೀರಿಸುವವರಿರಲಿಲ್ಲ. ಇದನ್ನು ಊರಿಗೆಲ್ಲ ಸಾರಿದ್ದೂ ಆಕೆಯೇ ಅನ್ನಿ. ಮಗಳ ಮದುವೆ ಮಾತುಕತೆಯ ದಿನ ಬೀಗರೆದುರಿಗಾದರೂ ಬಾಯಿ ಸುಮ್ಮನಿರಬೇಕಲ್ಲ! "ಯಾವ ಬಣ್ಣ ಬೇಕಾದ್ರೂ ತೋರಿಸಿ, ಅದನ್ನೇ ಹಾಕಿಕೊಡ್ತೀನಿ" ಅಂದುಬಿಟ್ಟಳು.

ಬೀಗಿತ್ತಿ ಹಕ್ಕಿಗಳನ್ನು ಅರೆದು ಕುಡಿದಿದ್ದ ಪ್ರೊಫೆಸರು. ನಕ್ಕರೂ ತುಟಿ ಅಲುಗದ ಹೆಂಗಸು. ಮಾರನೆಯ ದಿನವೇ ಒಂದು ಬಿಳಿ ರೇಷ್ಮೆ ಶಾಲು, ಉದುರಿದ ಮೂರು ನೀಲಿ ಗರಿ ಕಳಿಸಿದರು. ಜೊತೆಗೊಂದು ಚೀಟಿ: "ಮದುವೆಗೆ ನಾನು ಹೊದೆಯುವ ಶಾಲು. ಈ ಗರಿಯಲ್ಲಿರುವ ಬಣ್ಣವೇ ಬೇಕು. ಹತ್ತಿರದ್ದು ಬೇಡ."

ಬಣ್ಣದಮ್ಮ ಏಳು ಸಲ ನೀಲಿ ಬೆರೆಸಿ ಏಳು ತುಂಡು ಬಟ್ಟೆ ಅದ್ದಿದಳು. ಗರಿಯ ಪಕ್ಕ ಹಿಡಿದರೆ ಏಳಕ್ಕೂ ಜ್ವರ ಬಂದಂತಿತ್ತು. ಮಗಳು ಹೋಗುತ್ತಿದ್ದದ್ದು ಓದಿದವರ ಮನೆಗೆ. ಈಗ ಸೋತರೆ "ನಿಮ್ಮಮ್ಮನದು ಬರೀ ಬಾಯಿ" ಅನ್ನುವ ಮಾತು ಆ ಹುಡುಗಿಯ ಬೆನ್ನು ಬಿಡುವುದಿಲ್ಲ. ಬಣ್ಣದಮ್ಮನಿಗೆ ನಿಜಕ್ಕೂ ಹೆದರಿಕೆಯಾಯಿತು.

ಗರಿಯಿಂದಲೇ ಬಣ್ಣ ಬಿಡಿಸಿ ನೋಡೋಣವೆಂದು ಒಂದನ್ನು ಸ್ಪಿರಿಟ್ಟಿನಲ್ಲಿ ಚೆನ್ನಾಗಿ ನೆನೆಸಿ, ಹತ್ತಿಯಿಂದ ಒತ್ತಿದಳು. ನೀಲಿ ಮಾಯ! "ಸಿಕ್ಕಿಬಿದ್ದೆಯಾ" ಅಂತ ಹತ್ತಿ ತಿರುಗಿಸಿದರೆ ಅದು ಬೆಳ್ಳಗೇ ಇತ್ತು. ಸ್ಪಿರಿಟ್ಟೂ ತಿಳಿ. ಗರಿ ಒಣಗಿತು ನೋಡಿ, ನೀಲಿ ಏನೂ ಆಗದವರ ಹಾಗೆ ವಾಪಸ್ ಬಂದು ಕೂತಿತು. ನಲವತ್ತು ವರ್ಷದಲ್ಲಿ ಯಾವ ಬಣ್ಣವೂ ಆಕೆಗೆ ಹೀಗೆ ಟೋಪಿ ಹಾಕಿರಲಿಲ್ಲ. ಸಿಟ್ಟಿಗೆ ಆ ಗರಿಯನ್ನು ಕಲ್ಲಿನ ಮೇಲಿಟ್ಟು ನುಣ್ಣಗೆ ಅರೆದಳು. ಪುಡಿ ಕಂದು ಬಣ್ಣದ್ದು.

ಅಳಿಯನಾಗುವವನಿಗೆ ಬುಲಾವ್ ಹೋಯಿತು. ಅವನು ತಾಯಿಯ ಪ್ರಯೋಗಾಲಯದಲ್ಲೇ ಕೆಲಸ ಮಾಡುವವನು. ಅತ್ತೆಯ ಕಣ್ಣು ನೋಡಿ ತಾನಾಗಿ ಬಾಯಿಬಿಟ್ಟ.

"ಅತ್ತೆ, ಆ ಗರಿಯಲ್ಲಿ ನೀಲಿ ಬಣ್ಣ ಇಲ್ಲವೇ ಇಲ್ಲ. ಗರಿ ಬೆಳೆಯುವಾಗ ಅದರ ಜೀವಕೋಶದೊಳಗೆ, ಹಾಲು ಒಡೆದ ಹಾಗೆ, ಗಟ್ಟಿ ಬೇರೆ ನೀರು ಬೇರೆ ಆಗುತ್ತೆ. ಅಷ್ಟಕ್ಕೇ ನಿಂತು ಬಿಗಿಯುತ್ತೆ. ಆಮೇಲೆ ನೀರು ಒಣಗಿ, ಅದಿದ್ದ ಜಾಗದಲ್ಲಿ ಗಾಳಿ ಉಳಿಯುತ್ತೆ. ಕಣ್ಣಿಗೆ ಕಾಣದ ತೂತುಗಳು, ಎಲ್ಲಾ ಹೆಚ್ಚುಕಮ್ಮಿ ಒಂದೇ ಅಳತೆ. ಬೆಳಕಿನಲ್ಲಿರೋ ನೀಲಿಯನ್ನ ಮಾತ್ರ ಜೋರಾಗಿ ವಾಪಸ್ ಕಳಿಸ್ತವೆ. ಮಿಕ್ಕಿದ್ದನ್ನ ಹಿಂದಿರೋ ಕಂದು ಬಣ್ಣ ನುಂಗಿಕೊಳ್ಳುತ್ತೆ."

"ಸ್ಪಿರಿಟ್ ಹಾಕಿದ್ರೆ?"

"ತೂತು ತುಂಬಿಬಿಡುತ್ತೆ. ಒಣಗಿದ್ರೆ ಮತ್ತೆ ಗಾಳಿ."

"ಅರೆದ್ರೆ?"

"ತೂತೇ ಇರಲ್ಲ. ಕಂದು ಒಂದೇ ಗತಿ."

"ಇದೆಲ್ಲಾ ನಿಮ್ಮಮ್ಮನಿಗೆ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ಪಾಠ ಮಾಡ್ತಿದ್ದಾರೆ," ಅಂದ ಅವನು, ಬಾಗಿಲ ಕಡೆ ನೋಡುತ್ತಾ.

ಬಣ್ಣದಮ್ಮ ಮೊದಲು ಉರಿದಳು, ಆಮೇಲೆ ನಕ್ಕಳು. ಬೀಗಿತ್ತಿ ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರಬಾರದೇ? ಬಿಳಿ ಶಾಲು ತೆಗೆದುಕೊಂಡು ನೇರವಾಗಿ ಒಲೆಯ ಮೇಲಿನ ಹಂಡೆಯ ಹತ್ತಿರ ಹೋದಳು.

ಮದುವೆಗೆ ವಾರವಿದ್ದಾಗ ಬೀಗರ ಮನೆಯಲ್ಲಿ ಎಲ್ಲರೆದುರು ಶಾಲು ಬಿಚ್ಚಿದಳು. ಒಂದು ಕಲೆಯಿಲ್ಲ, ಒಂದು ಏರುಪೇರಿಲ್ಲ. ಅಂಥ ಅಚ್ಚುಕಟ್ಟಾದ ಕಂದು.

"ಇದು ಕಂದು," ಅಂದರು ಪ್ರೊಫೆಸರು.

"ಹೌದು. ಗರಿಯಲ್ಲಿರುವ ಬಣ್ಣವೇ ಬೇಕು, ಹತ್ತಿರದ್ದು ಬೇಡ ಅಂತ ಬರೆದಿದ್ರಲ್ಲ? ಪುಡಿ ತಂದಿದ್ದೀನಿ, ಪಕ್ಕ ಇಟ್ಟು ನೋಡಿ." ಪೊಟ್ಟಣದ ಜೊತೆಗೆ ಉಳಿದೆರಡು ಗರಿಯನ್ನೂ ಮೇಜಿನ ಮೇಲಿಟ್ಟಳು.

ಪ್ರೊಫೆಸರು ಬಾಯಿ ತೆರೆದರು. ಗರಿಯ ಬಣ್ಣ ನೀಲಿ ಅಂದರೆ ಮೂವತ್ತು ವರ್ಷದ ಪಾಠ ನೀರುಪಾಲು. ಮುಚ್ಚಿದರು. ಒಂದು ಗರಿ ಎತ್ತಿ ಹಿಡಿದು ಕೇಳಿದರು: "ಮತ್ತೆ ಆ ನೀಲಿ?"

"ಅದು ಗಾಳಿಯಂತೆ ಬೀಗರೇ. ಬಣ್ಣ ನಾನು ಹಾಕಿದ್ದೀನಿ, ಗಾಳಿ ನೀವು ತುಂಬಿಸಿಕೊಳ್ಳಿ."

ಅವತ್ತು ಮೊದಲ ಸಲ ಆ ತುಟಿ ಅಲುಗಿತು. ಅಲುಗಿದ್ದಷ್ಟೇ ಅಲ್ಲ, ಪ್ರೊಫೆಸರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಮದುವೆಗೆ ಅದೇ ಶಾಲು ಹೊದ್ದು, ಹೆಗಲಿಗೊಂದು ನೀಲಿ ಗರಿ ಚುಚ್ಚಿಕೊಂಡು ಬಂದರು. ಎಷ್ಟು ಚೆನ್ನಾಗಿದೆ, ಯಾರು ಬಣ್ಣ ಹಾಕಿದ್ದು ಅಂತ ಯಾರೋ ಕೇಳಿದರು.

"ನಮ್ಮ ಸೊಸೆಯ ತಾಯಿ," ಅಂದರು ಪ್ರೊಫೆಸರು, ಪಕ್ಕದಲ್ಲಿದ್ದ ಸೊಸೆಗೂ ಕೇಳಿಸುವ ಹಾಗೆ. "ಆದ್ರೆ ಹುಷಾರಾಗಿ ಕೇಳಿ. ಕೇಳಿದ್ದನ್ನೇ ಕೊಡ್ತಾರೆ."