ನಾಲ್ಕು ಬೆರಳಿನ ಅಂತರ

"ಲೇ ಡ್ಯೂಪು, ಕ್ಯಾಮ್ರಾ ಕಡೆ ಮೂತಿ ತಿರುಗಿಸ್ಬ್ಯಾಡ ಅಂತ ಎಷ್ಟು ಸಲ ಬಡ್ಕೊಬೇಕೇ ನಿಂಗೆ? ನಿನ್ ಮುಸುಡಿ ನೋಡಕ್ಕೆ ಜನ ಟಿಕೆಟ್ ತಗೋತಾರಾ?"

ಹೀರೋ ಅಶೋಕ್‌ನ ಮಾತಿಗೆ ಕುಂದಾಣದ ದ್ರಾಕ್ಷಿ ತೋಟದಲ್ಲಿ ನೆರೆದಿದ್ದವರೆಲ್ಲ ನಕ್ಕರು. ತೋಟ ಅವನ ಅಪ್ಪನದು, ಸಿನಿಮಾಕ್ಕೆ ಹಾಕಿದ ದುಡ್ಡೂ ಅಪ್ಪನದೇ. ಪ್ರಮೋದಾ ಹೀರೋಯಿನ್ ಕೂದಲಿನಂಥ ವಿಗ್ ಸರಿಮಾಡಿಕೊಂಡು ಮತ್ತೆ ಬೆನ್ನು ತೋರಿಸಿ ನಿಂತಳು. ಕರಾಟೆಯಲ್ಲಿ ರಾಜ್ಯಕ್ಕೇ ಮೊದಲು ಬಂದವಳು. ಒಂಬತ್ತು ವರ್ಷದಿಂದ ಹೀರೋಯಿನ್‌ಗಳ ಬದಲಿಗೆ ಒದ್ದಿದ್ದಳು, ಬಿದ್ದಿದ್ದಳು. ತೆರೆಯ ಮೇಲಿನ ಆ ಬೆನ್ನನ್ನು ಅವಳ ಅವ್ವ ಮಾತ್ರ ಗುರುತು ಹಿಡಿಯುತ್ತಿದ್ದಳು. ಮುಂದಿನ ಚಿತ್ರದಲ್ಲಿ ಮುಖ ಕಾಣಿಸುವ ಪಾತ್ರ ಕೊಡಿಸುತ್ತೇನೆಂದು ಫೈಟ್ ಮಾಸ್ಟರ್ ಬೈರಣ್ಣ ಮಾತು ಕೊಟ್ಟಿದ್ದ.

ಮಧ್ಯಾಹ್ನ ಅವ್ವ ಮುನಿಗಂಗಮ್ಮ ಮಗಳನ್ನು ನೋಡಲು ಬಂದಳು. ಅದೇ ತೋಟದಲ್ಲಿ ಇಪ್ಪತ್ತು ವರ್ಷ ಬಳ್ಳಿ ಕತ್ತರಿಸಿದವಳು. ಮಂಡಿನೋವು ತಡೆಯಲಾರದೆ ನೆರಳಿನಲ್ಲಿದ್ದ ಕುರ್ಚಿಯಲ್ಲಿ ಕೂತಳು. ಅದರ ಬೆನ್ನಿಗೆ ಹೀರೋ ಹೆಸರಿತ್ತು. ಅವ್ವನಿಗೆ ಓದು ಬಾರದು.

"ಯಾವನ್ ಅಪ್ಪನ್ ಚೇರು ಅಂತ ಕೂತಿದ್ದೀಯೇ? ನಿಮ್ ಕೇರಿ ಜಗಲಿ ಅಂದ್ಕೊಂಡ್ಯಾ?"

"ತಪ್ಪಾಯ್ತು ಬುದ್ಧಿ, ಏಳ್ತೀನಿ..." ಅನ್ನುವಷ್ಟರಲ್ಲಿ ಅಶೋಕ್ ಕುರ್ಚಿಯ ಕಾಲಿಗೆ ಒದ್ದ. ಅವ್ವ ಕಲ್ಲಿನ ಮೇಲೆ ಬಿದ್ದಳು. ಬಳೆ ಒಡೆದು ಮುಂಗೈಗೆ ಚುಚ್ಚಿತು.

"ಟೈಮಿಂಗ್ ಹೆಂಗಿತ್ತು ಮಾಸ್ಟ್ರೇ?"

"ಸೂಪರ್ ಸಾ," ಅಂದ ಬೈರಣ್ಣ, ನೆಲ ನೋಡುತ್ತ.

ಪ್ರಮೋದಾ ಅವ್ವನ ಮುಂಗೈಯಿಂದ ಗಾಜಿನ ಚೂರುಗಳನ್ನು ಒಂದೊಂದಾಗಿ ಕಿತ್ತಳು. ತನ್ನ ಕರಾಟೆಯ ಬಿಳಿ ಬಟ್ಟೆಯನ್ನು ವಾರವಾರ ನೀಲಿ ಹಾಕಿ ಒಗೆದ ಕೈ ಅದು.

"ಸುಮ್ಕಿರು ಮಗ್ಳೇ," ಅವ್ವ ಪಿಸುಗುಟ್ಟಿದಳು, "ನಿನ್ ಅನ್ನ ಕಳ್ಕೋಬ್ಯಾಡ."

ಕೊನೆಯ ಶಾಟ್. ಹೀರೋಯಿನ್‌ನ ಒದೆತ ಹೀರೋ ಮೂಗಿನ ತನಕ ಬಂದು ನಿಲ್ಲಬೇಕು, ಅವನು ರೆಪ್ಪೆ ಬಡಿಯದೆ ನಗಬೇಕು. ನಾಲ್ಕು ಬೆರಳು ಬಿಟ್ಟು ಕಾಲು ನಿಲ್ಲಿಸುವುದು ಫೈಟರ್‌ಗಳ ಧರ್ಮ. ಪ್ರಮೋದಾಳ ಕಾಲು ಒಂದು ದಿನವೂ ಆ ಅಳತೆ ತಪ್ಪಿರಲಿಲ್ಲ. ಮೂರು ಸಲ ನಿಂತಿತು. ಮೂರು ಸಲವೂ ಅಶೋಕ್ ಕಣ್ಣು ಮುಚ್ಚಿದ.

"ಈ ಮುಂಡೆಗೆ ಒದೆಯಕ್ಕೇ ಬರಲ್ಲ ಮಾಸ್ಟ್ರೇ. ಹತ್ರಕ್ಕೆ ಬಾರೇ! ಕೂಲಿಯೋಳ ಮಗಳ ಕಾಲಿಗೆ ನಾನ್ ಹೆದ್ರುತೀನಾ?"

ಪ್ರಮೋದಾ ಕ್ಯಾಮೆರಾದ ಆಚೆಗೆ ನೋಡಿದಳು.

"ಅವ್ವಾ, ಆ ಚೇರಲ್ಲಿ ಕೂತ್ಕೋ."

"ಬ್ಯಾಡ ಕಣೇ..."

"ಕೂತ್ಕೋ ಅಂದೆ."

ಅವ್ವ ಹೀರೋ ಕುರ್ಚಿಯ ತುದಿಯಲ್ಲಿ ಕೂತಳು.

"ಆಕ್ಷನ್!"

ಈ ಸಲ ನಾಲ್ಕು ಬೆರಳು ಉಳಿಯಲಿಲ್ಲ. ಮೂಗಿನ ಮೂಳೆ ಮುರಿದ ಸದ್ದು ಬಳೆ ಒಡೆದ ಸದ್ದಿಗಿಂತ ದೊಡ್ಡದೇನಾಗಿರಲಿಲ್ಲ. ಅಶೋಕ್ ಅಂಗಾತ ಬಿದ್ದ. ಕಟ್ ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಕುರ್ಚಿಯಿಂದ ಏಳುವುದು ಅವ್ವನಿಗೂ ನೆನಪಾಗಲಿಲ್ಲ.

ಪ್ರಮೋದಾ ವಿಗ್ ಕಿತ್ತು ಅವನ ಎದೆಯ ಮೇಲೆ ಎಸೆದಳು.

"ಟೈಮಿಂಗ್ ಹೆಂಗಿತ್ತು ಸಾ?"

ಆಮೇಲೆ, ಇನ್ನೂ ಓಡುತ್ತಲೇ ಇದ್ದ ಕ್ಯಾಮೆರಾದ ಕಡೆಗೆ ಮುಖ ತಿರುಗಿಸಿ ನಿಂತಳು.