ಒಂದರೊಳಗೊಂದು ಕಂಪ್ಯೂಟರ್

ಕಂಪ್ಯೂಟರ್ ಮತ್ತೆ ತಾನಾಗಿಯೇ ಆಫ್ ಆಯಿತು. ನಾಳೆ ಸಿರುಗುಪ್ಪದ ಕಾಲೇಜಿನಲ್ಲಿ ತಂಗಿ ಖುಷ್ಬೂಗೆ ಲಿನಕ್ಸ್ ಪ್ರಾಕ್ಟಿಕಲ್ ಪರೀಕ್ಷೆ. ಹೋದ ಸಲ ಇದರಲ್ಲೇ ಫೇಲಾಗಿದ್ದಳು. ಈ ಸಲವೂ ಹೋದರೆ ವರ್ಷವೇ ಹೋದಂತೆ.

ಕುರುಗೋಡಿನ ನಮ್ಮ ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದರ ವಿಂಡೋಸ್ ತುಂಬ ಅಪ್ಪನ ಅದಿರು ಲಾರಿಗಳ ಬುಕಿಂಗ್, ಮುಟ್ಟುವಂತಿಲ್ಲ. ಅದಕ್ಕೇ ನಾನು ಬಳ್ಳಾರಿಯಿಂದ ಲಿನಕ್ಸ್ ಸಿಡಿ ತಂದು, ವಿಂಡೋಸ್ ಒಳಗೇ ಲಿನಕ್ಸ್ ಇರುವ ಇನ್ನೊಂದು ಪುಟ್ಟ ಕಂಪ್ಯೂಟರ್ ಓಡಿಸಲು ಹೊರಟಿದ್ದೆ. ವರ್ಚುವಲ್ ಮಷಿನ್ ಅನ್ನುತ್ತಾರೆ.

"ಅಂದ್ರ ಮನಿ ಒಂದ, ಒಲಿ ಎರಡು" ಎಂದಳು ಅವ್ವ.

"ಹೂಂ ಅವ್ವ. ಎರಡಕ್ಕೂ ಕಟ್ಟಿಗಿ ಸಾಲಬೇಕು, ಅಷ್ಟ."

ಕಟ್ಟಿಗೆ ಸಾಲುತ್ತಿತ್ತು. ಒಂದು ಜಿಬಿ ಮೆಮೊರಿಯಲ್ಲಿ ಕಾಲುಭಾಗ ಒಳಗಿನದಕ್ಕೆ ಕೊಟ್ಟು ಉಳಿದದ್ದು ವಿಂಡೋಸ್‌ಗೆ ಬಿಟ್ಟಿದ್ದೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಚಿತ್ರಗಿತ್ರ ಇಲ್ಲದ, ಬರೀ ಅಕ್ಷರದ ಹಗುರ ಲಿನಕ್ಸ್. ಕಂಪ್ಯೂಟರಿನ ಮೂಲ ಸೆಟ್ಟಿಂಗಾದ ಬಯಾಸ್‌ಗೆ ಹೋಗಿ, ಒಳಗಿನದಕ್ಕೆ ನೆರವಾಗುವ ಪ್ರೊಸೆಸರಿನ ವರ್ಚುವಲೈಸೇಶನ್ ಕೂಡ ಆನ್ ಮಾಡಿದ್ದೆ. ಇನ್ನೇನು ಬೇಕು ಇದಕ್ಕೆ? ಒಳಗಿನದರ ಮೆಮೊರಿ ಇನ್ನೂ ಇಳಿಸಿದೆ. ಖುಷ್ಬೂ ಲಾಗಿನ್ ಆದಳು, ಎರಡು ಕಮಾಂಡ್ ಹೊಡೆದಳು, ಪರದೆ ಕಪ್ಪಾಯಿತು.

"ಅಣ್ಣ, ನಾ ಫೇಲಾಗೂಕಿಂತ ಮೊದಲು ಇದ ಫೇಲಾತು ನೋಡು."

"ಸುಮ್ನ ಕುಂದ್ರು."

ಹೊರಗೆ ಲಾರಿಯ ಸದ್ದಾಯಿತು. ಅಡುಗೆಮನೆಯಿಂದ ಅವ್ವ ಓಡಿಬಂದು ಸಿಪಿಯು ಡಬ್ಬಿಯ ಮೇಲಿನ, ಹಳೆ ಸೀರೆ ಹೊಲಿದ ದಪ್ಪ ಕೌದಿ ಕವರನ್ನು ನೆಲಮಟ್ಟ ಎಳೆದಳು. ಮುಂದೆ, ಹಿಂದೆ, ಸುತ್ತಲೂ. ಸ್ವಿಚ್ಚಿಗೆ ಮಾತ್ರ ಒಂದು ತೂತು. ನಾನು ಕೌದಿಯೊಳಗೆ ಕೈ ಹಾಕಿದೆ. ರೊಟ್ಟಿ ಹಂಚು ಮುಟ್ಟಿದ ಹಾಗಾಯಿತು.

"ಅವ್ವ, ಇದನ್ನ ತಗಿ."

"ಲಾರಿ ಕೆಂಪು ಧೂಳು ಒಳಗ ಹೋದ್ರ ಕೆಡ್ತೈತಿ ಅಂದವ ನೀನ. ಅದಕ್ಕ ಹೊಲದೀನಿ."

"ಅಪ್ಪನ ಬುಕಿಂಗಿಗೆ ಡಬ್ಬಿ ಇಷ್ಟು ಬಿಸಿ ಆಗಂಗಿಲ್ಲ. ಈಗ ಎರಡು ಒಲಿ ಉರೀತಾವ, ಬಿಸಿ ಹೊರಗ ಹೋಗದ ತಾನ ಆಫ್ ಆಗಾಕತ್ತೈತಿ."

ಅವ್ವ ನನ್ನ ಮುಖ ನೋಡಿದಳು. "ಹೊಗಿ ಹೋಗಾಕ ದಾರಿ ಬ್ಯಾಡೇನು ಮತ್ತ? ಮೊದಲ ಹೇಳಾಕ ಏನಾಗಿತ್ತು ನಿನಗ?"

ಕೌದಿ ಕಿತ್ತು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ರಸ್ತೆ ಕಡೆಯ ಕಿಟಕಿಗೆ ಕಟ್ಟಿದಳು. ಡಬ್ಬಿ ತಣ್ಣಗಾಗುವತನಕ ಖುಷ್ಬೂ ಉಗುರು ಕಚ್ಚುತ್ತ ಓಡಾಡಿದಳು. ಮತ್ತೆ ಸ್ವಿಚ್ ಒತ್ತಿದೆ. ಅವಳು ಲಾಗಿನ್ ಆದಳು. ಎರಡು ಕಮಾಂಡ್ ದಾಟಿತು, ಹತ್ತು ದಾಟಿತು.

ಇನ್ನೊಂದು ಲಾರಿ ಬಂತು. ಕಿಟಕಿ ಅದುರಿತು, ಒದ್ದೆ ಕೌದಿಯ ಅಂಚು ಕೆಂಪಾಯಿತು. ಅವ್ವನ ಕೈ ಡಬ್ಬಿಯತ್ತ ಹೋಗಿ ಅರ್ಧಕ್ಕೇ ನಿಂತಿತು.

"ಅಣ್ಣ, ಫೈಲ್ ಕಾಪಿ ಮಾಡೋದು ಹೆಂಗ? ಲಗೂನ ಹೇಳು, ಅಪ್ಪ ಬುಕಿಂಗಿಗೆ ಬರೂ ಹೊತ್ತಾತು."